ನನ್ನ ಗಂಡ ಬ್ರೇಕ್ ಹಾಕಲಿಲ್ಲ

ನಾನು, ವಯಸ್ಸು 42 ವರ್ಷ, ಚರ್ಮದ ಚೀಲಗಳ ಕಾರ್ಖಾನೆಯಲ್ಲಿ ಹೊಲಿಗೆ ತಪಾಸಣೆ ಕೆಲಸ, ಶಾಲಾ ಬಸ್ಸಿನ ಚಾಲಕರ ಹೆಂಡತಿ, ವಾಸ ಬಸ್ ಶೆಡ್ಡಿನ ಹಿಂದಿನ ವಸತಿ ಕಟ್ಟಡದ ಎರಡನೇ ಮಹಡಿ, ಮನೆ ಸಂಖ್ಯೆ 14, ಆಸ್ಪತ್ರೆಯ ಹೆಂಗಸರ ವಾರ್ಡಿನ ಹಾಸಿಗೆಯಿಂದ, ಪೂರ್ತಿ ಎಚ್ಚರದಲ್ಲಿದ್ದು, ಪೊಲೀಸರಿಗೆ ಈ ಮೂಲಕ ತಿಳಿಸುವುದೇನೆಂದರೆ:

ನಮಗೆ ಮದುವೆಯಾಗಿ 19 ವರ್ಷಗಳಾಗಿವೆ. ಮಕ್ಕಳಿಲ್ಲ. ನನ್ನ ಗಂಡ 22 ವರ್ಷಗಳಿಂದ ಒಂದೇ ಶಾಲೆಯ ಬಸ್ಸು ಓಡಿಸುತ್ತಿದ್ದಾರೆ. ಬಸ್ಸಿನಲ್ಲಿ ಬರುವ 36 ಮಕ್ಕಳೂ ಅವರನ್ನು ಗಾಡಿಮಾಮ ಎನ್ನುತ್ತಾರೆ. ನಮ್ಮಲ್ಲಿ ಜಗಳಗಳಾಗಿವೆ. ಆದರೆ ಅವರು ಒಂದು ದಿನವೂ ನನ್ನ ಮೇಲೆ ಕೈ ಎತ್ತಿದವರಲ್ಲ.

ಸುಮಾರು ಎರಡು ತಿಂಗಳ ಹಿಂದೆ ಶೆಡ್ಡಿನ ಕಾವಲುಗಾರರು ನನ್ನನ್ನು ತಡೆದು, "ಏನಮ್ಮಾ, ಬುಧವಾರ ಬಂದ್ರೆ ಯಜಮಾನ್ರು ತಲೆ ಬಾಚ್ಕೊಂಡು ಮದುಮಗನ ಹಾಗೆ ಹೊರಡ್ತಾರಲ್ಲ, ಎಲ್ಲಿಗೆ?" ಎಂದು ತಮಾಷೆ ಮಾಡಿದರು. ನಾನೂ ನಕ್ಕೆ. ಬೆಳಗಿನ ಪಾಳಿ ಮುಗಿದ ಮೇಲೆ ಬಸ್ಸಿನಲ್ಲೇ ಮಲಗುತ್ತೇನೆಂದು ನನ್ನ ಗಂಡ ನನಗೆ ಹೇಳುತ್ತಿದ್ದರು.

ಈ ತಿಂಗಳ 8ರಂದು ಸೋಮವಾರ ಬೆಳಿಗ್ಗೆ 5.30ಕ್ಕೆ ಅವರು ಸ್ನಾನಕ್ಕೆ ಹೋಗಿದ್ದಾಗ ಅವರ ಫೋನಿಗೆ ಕರೆ ಬಂತು. ವೆಲ್ಡರ್ ಎಂಬ ಹೆಸರು ತೋರಿಸುತ್ತಿತ್ತು. ಎತ್ತಿದರೆ ಹೆಂಗಸಿನ ದನಿ. ನಾನು ಬಾಯಿ ಬಿಡುವ ಮುಂಚೆಯೇ ಆಕೆ, "ಬೇಗ ಎಬ್ಬಿಸಿದ್ನಾ? ಬುಧವಾರ ಬರ್ತೀರಲ್ವಾ? ಮನೇಲಿ ಹೇಳಿದ್ರಾ ಇಲ್ವಾ? ಎಷ್ಟು ದಿನ ಅಂತ ಮುಚ್ಚಿಡ್ತೀರಾ?" ಎಂದರು. ನಾನು ಫೋನ್ ಇಟ್ಟೆ. ಅಂದು ಕಾರ್ಖಾನೆಯಲ್ಲಿ ಹೊಲಿಗೆ ಬಿಟ್ಟಿದ್ದ ಮೂರು ಚೀಲಗಳನ್ನು ಸರಿ ಇದೆ ಎಂದು ಆಚೆ ಕಳಿಸಿದ್ದೇನೆ.

10ರಂದು ಬುಧವಾರ ಅರ್ಧ ದಿನ ರಜೆ ಹಾಕಿ ಅವರ ಹಿಂದೆಯೇ ಹೋದೆ. 10.40ಕ್ಕೆ ಅವರು ನಾಲ್ಕು ಮಹಡಿಯ ಒಂದು ಕಟ್ಟಡದೊಳಗೆ ಹೋದರು. ಬಾಗಿಲಿಗೆ ಯಾವ ಬೋರ್ಡೂ ಇರಲಿಲ್ಲ. ಎದುರಿನ ಜೆರಾಕ್ಸ್ ಅಂಗಡಿಯಲ್ಲಿ ಒಂದು ಗಂಟೆ ಐದು ನಿಮಿಷ ನಿಂತಿದ್ದೆ. 11.45ಕ್ಕೆ ಹೊರಗೆ ಬಂದರು. ಸುಮಾರು 30 ವರ್ಷದ ಹೆಂಗಸೊಬ್ಬಳು ಅವರ ಮೊಣಕೈ ಹಿಡಿದುಕೊಂಡು ಮೆಟ್ಟಿಲಿಳಿದಳು. ಅವಳು ಏನೋ ಹೇಳಿದಳು, ಅವರು ನಕ್ಕರು. ಆ ನಗು ನಮ್ಮ ಮನೆಯಲ್ಲಿ ಕೇಳಿ ಬಹಳ ದಿನವಾಗಿತ್ತು. ಸಂಜೆ ಕೇಳಿದ್ದಕ್ಕೆ ಬಸ್ಸಿನಲ್ಲಿ ಮಲಗಿದ್ದೆ ಎಂದರು. ನಾನು ಊಟ ಬಡಿಸಿದೆ. ಅದೇ ದಿನ ನನ್ನ ತಂಗಿಗೆ ಫೋನ್ ಮಾಡಿ, ಅವರಿಗೆ ಬೇರೆ ಹೆಂಗಸಿದ್ದಾಳೆ ಎಂದು ಅತ್ತೆ. ತಂಗಿ ನಿನ್ನೆ ತಮಗೆ ಹೇಳಿರುವುದು ಅದನ್ನೇ. ಅವಳು ಸುಳ್ಳು ಹೇಳಿಲ್ಲ.

14ರಂದು ಭಾನುವಾರ ಸಂಜೆ 4 ಗಂಟೆಗೆ ಗಂಡನ ಅಣ್ಣನ ಮನೆಗೆ ಹೋದೆ. ಭಾವನವರು ಬೀಗ ರಿಪೇರಿ ಕೆಲಸದವರು. ನಾನು ನಿಮ್ಮ ತಮ್ಮನನ್ನು ಬಿಡುತ್ತಿದ್ದೇನೆ ಎಂದು ಹೇಳಿ ಕಾರಣವನ್ನೂ ಹೇಳಿದೆ. ಅವರು ಕೈಯಲ್ಲಿದ್ದ ಅರವನ್ನು ಕೆಳಗಿಟ್ಟು, "ಅಯ್ಯೋ, ಹೆಂಗಸೂ ಇಲ್ಲ ಮಣ್ಣೂ ಇಲ್ಲ. ಅವನಿಗೆ ಕಣ್ಣು ಹೋಗ್ತಿದೆ ಕಣಮ್ಮಾ" ಎಂದರು. ಎರಡೂ ಕಣ್ಣಿನ ನೋಟದ ನಡುಭಾಗ ಹೋಗಿದೆಯೆಂದೂ, ಕಣ್ಣು ಕಳೆದುಕೊಳ್ಳುತ್ತಿರುವವರಿಗೆ ನಡೆಯುವುದನ್ನು, ಮೆಟ್ಟಿಲಿಳಿಯುವುದನ್ನು ಕಲಿಸುವುದು ಆ ಹೆಂಗಸಿನ ಕೆಲಸವೆಂದೂ ತಿಳಿಸಿದರು. ಅಣ್ಣ ತಮ್ಮ ಇಬ್ಬರದೂ ಒಂದೇ ಅಚ್ಚಿನ ಮುಖ. ಚಾಲಕರ ವಾರ್ಷಿಕ ಕಣ್ಣಿನ ಪರೀಕ್ಷೆಗೆ ಈ ಸಲ ತಮ್ಮನ ಹೆಸರಿನಲ್ಲಿ ತಾವೇ ಹೋಗಿ ಕೂತಿದ್ದಾಗಿ ಭಾವನವರು ಒಪ್ಪಿಕೊಂಡು, "ಕಾಲು ಹಿಡ್ಕೊಂಡ. ಇಲ್ಲ ಅನ್ನೋಕಾಗ್ಲಿಲ್ಲ" ಎಂದು ಅತ್ತರು.

ನಾನು ಪೂರ್ತಿ ನಂಬಲಿಲ್ಲ. ಚಿಕ್ಕಂದಿನಿಂದ ಒಬ್ಬರ ತಪ್ಪನ್ನು ಇನ್ನೊಬ್ಬರು ಮುಚ್ಚಿಕೊಂಡು ಬಂದವರು. ಇದೂ ಇಬ್ಬರೂ ಸೇರಿ ಕಟ್ಟಿದ ಕಥೆ ಇರಬಹುದು ಎನ್ನಿಸಿತು.

16ರಂದು ಮಂಗಳವಾರ ಸಂಜೆ 6.30ಕ್ಕೆ ನನ್ನ ಗಂಡನನ್ನೇ ಕೇಳಿದೆ. ಅಣ್ಣ ಹೇಳಿದ್ದು ನಿಜ ಎಂದರು. "ನಡು ಮಾತ್ರ ಹೋಗಿದೆ, ಅಂಚು ಚೆನ್ನಾಗೇ ಕಾಣುತ್ತೆ. ಆ ರಸ್ತೆ ನಂಗೆ ಬಾಯಿಪಾಠ." ನಡುವೆ ಒಂದು ಮಗು ಅಡ್ಡ ಬಂದರೆ ಅದೂ ಬಾಯಿಪಾಠವೇ ಎಂದು ಕೇಳಿದೆ. ನನಗೇಕೆ ಹೇಳಲಿಲ್ಲ ಎಂದೆ. "ನೀನು ಹೊಲಿಗೆ ನೋಡೋ ಹಾಗೇ ಮನುಷ್ಯರನ್ನೂ ನೋಡ್ತೀಯ. ಸರಿ ಇಲ್ಲದ್ದನ್ನ ಪಕ್ಕಕ್ಕೆ ಎಸೀತೀಯ. ಬಸ್ಸಿಂದ ಇಳಿದ್ರೆ ನಾನು ಯಾರೇ?" ಎಂದರು. ನಾಳೆಯೇ ಶಾಲಾ ಬಸ್ಸುಗಳ ಮೇಲ್ವಿಚಾರಕರಿಗೆ ಹೇಳುತ್ತೇನೆಂದು ನನ್ನ ಕೈ ಹಿಡಿದು ಮಾತು ಕೊಟ್ಟರು. 17ರಂದು ಎಂದಿನಂತೆ ಬಸ್ಸು ತೆಗೆದುಕೊಂಡು ಹೋದರು.

18ರಂದು ಗುರುವಾರ ಬೆಳಿಗ್ಗೆ 6.20ಕ್ಕೆ ನಾನು ಹಳದಿ ಸ್ವೆಟರ್ ಹಾಕಿಕೊಂಡು ಕೆಳಗಿಳಿದು, ಶೆಡ್ಡಿನ ಗೇಟಿನಿಂದ ಸುಮಾರು 60 ಅಡಿ ದೂರದಲ್ಲಿ ರಸ್ತೆಯ ನಟ್ಟನಡುವೆ ನಿಂತೆ. ಪೂರ್ತಿ ಬೆಳಕಾಗಿತ್ತು. ಮೊದಲ ಮಗು ಹತ್ತುವುದು 6.55ಕ್ಕೆ, ಅಲ್ಲಿಯವರೆಗೆ ಬಸ್ಸು ಖಾಲಿ. ಕಣ್ಣಿನ ವಿಷಯ ನಿಜವೋ ಸುಳ್ಳೋ ತಿಳಿಯಬೇಕಿತ್ತು. ಹತ್ತು ಅಡಿಗೆ ಬಂದಾಗ ಪಕ್ಕಕ್ಕೆ ಜಿಗಿಯುವುದೆಂದು ಲೆಕ್ಕ ಹಾಕಿದ್ದೆ.

6.35ಕ್ಕೆ ಬಸ್ಸು ಹೊರಬಂತು. ಮನುಷ್ಯ ಓಡುವಷ್ಟು ವೇಗ. ಅವರು ನೇರವಾಗಿ ನನ್ನನ್ನೇ ನೋಡುತ್ತಿದ್ದರು. ನನ್ನನ್ನು ಕಂಡರೆ ಅವರ ಎಡಹುಬ್ಬು ಸ್ವಲ್ಪ ಮೇಲೇಳುತ್ತದೆ, ಸಿಟ್ಟಿದ್ದರೂ ಏಳುತ್ತದೆ. ಏಳಲಿಲ್ಲ. 20 ಅಡಿಯಲ್ಲೇ ನನಗೆ ತಿಳಿಯಿತು. ಸರಿದುಕೊಳ್ಳಲು ಸಮಯವಿತ್ತು, ಸರಿಯಲಿಲ್ಲ. ಯಾಕೆಂದು ತಾವು ಎರಡು ಸಲ ಕೇಳಿದ್ದೀರಿ. ಆ ಹೆಂಗಸೇ ನಿಜವಾಗಿರಲಿ, ಇವರು ಸುಳ್ಳುಗಾರರೇ ಆಗಿರಲಿ, ಕಣ್ಣೊಂದು ಚೆನ್ನಾಗಿರಲಿ, ನನ್ನನ್ನು ಬೈದು ಬ್ರೇಕ್ ಹಾಕಲಿ ಎಂದು ಕೊನೆಯವರೆಗೂ ಕಾಯುತ್ತಿದ್ದೆ.

ಬಸ್ಸು ತಾಗಿ ನನ್ನ ಎಡಗಾಲು ಮತ್ತು ಬಲ ಮುಂಗೈ ಮುರಿದಿವೆ. ತಾಗಿದ ಕೂಡಲೇ ಬಸ್ಸು ನಿಂತಿತು. ಅವರು ಇಳಿದು, "ಯಾರು? ಯಾರಿಗೆ ತಾಗ್ತು?" ಎಂದು ಕೂಗಿದರು. ನಾನು, "ನಾನೇ ರೀ" ಎಂದೆ. ಅವರು ಮಂಡಿಯೂರಿ ರಸ್ತೆಯನ್ನು ಕೈಯಿಂದ ತಡವರಿಸುತ್ತಾ ನನ್ನ ಹತ್ತಿರ ಬಂದರು. ಇದನ್ನು ಕಾವಲುಗಾರರೂ ಕಂಡಿದ್ದಾರೆ.

ಆದ್ದರಿಂದ ನನ್ನ ಗಂಡ ನನ್ನನ್ನು ಕೊಲ್ಲಲು ಯತ್ನಿಸಲಿಲ್ಲ. ಇದನ್ನು ಹೇಳಿದರೆ ಅವರು ಇನ್ನೆಂದೂ ಬಸ್ಸು ಓಡಿಸುವಂತಿಲ್ಲ, ಪರೀಕ್ಷೆಯ ಮೋಸಕ್ಕೆ ಅವರ ಮೇಲೂ ಭಾವನವರ ಮೇಲೂ ಕೇಸಾಗುತ್ತದೆ ಎಂಬುದು ಗೊತ್ತಿದ್ದೇ ಹೇಳುತ್ತಿದ್ದೇನೆ. 14ರಂದೇ ವಿಷಯ ಕಿವಿಗೆ ಬಿದ್ದಿದ್ದರೂ ಮೂರು ದಿನ ಆ 36 ಮಕ್ಕಳು ಅದೇ ಬಸ್ಸಿನಲ್ಲಿ ಹೋಗಲು ಬಿಟ್ಟಿದ್ದು ನನ್ನ ತಪ್ಪು. ಅದನ್ನೂ ಬರೆದುಕೊಳ್ಳಿ ಎಂದು ನಾನೇ ಹೇಳಿದ್ದೇನೆ.

ಬರೆದುಕೊಂಡದ್ದನ್ನು ನನಗೆ ಓದಿ ಹೇಳಿದ್ದಾರೆ. ನಾನು ಆಡಿದ ಮಾತೇ ಇದರಲ್ಲಿದೆ, ಆಡದ ಮಾತು ಸೇರಿಲ್ಲ. ಯಾರ ಒತ್ತಾಯವೂ ಇಲ್ಲ. ಬಲಗೈಗೆ ಪಟ್ಟಿ ಹಾಕಿರುವುದರಿಂದ ಎಡಗೈಯಲ್ಲಿ ಸಹಿ ಮಾಡಿದ್ದೇನೆ. ಇದರ ಪ್ರತಿಯನ್ನು ನನ್ನ ಗಂಡನಿಗೂ ಕೊಡುತ್ತಾರೆಂದು ತಿಳಿಯಿತು. ಬರೀ ಕೈಗೆ ಕೊಟ್ಟರೆ ಅವರು ಓದಿದವರಂತೆ ತಲೆಯಾಡಿಸಿ ಮಡಚಿಟ್ಟುಕೊಳ್ಳುತ್ತಾರೆ. ದಯವಿಟ್ಟು ಯಾರಾದರೂ ಪಕ್ಕದಲ್ಲಿ ಕೂತು, ನಿಧಾನವಾಗಿ, ಗಟ್ಟಿಯಾಗಿ ಓದಿ ಹೇಳಬೇಕು.

ಸ್ಥಳ: ಹೆಂಗಸರ ವಾರ್ಡು, ಹಾಸಿಗೆ 6
ದಿನಾಂಕ: 19, ಶುಕ್ರವಾರ, ಬೆಳಿಗ್ಗೆ 11.15
ಸಹಿ (ಎಡಗೈ)