ಒಬ್ಬರಿಗಾಗುವಷ್ಟು ಟೆಂಟು

ಮಗಳ ಸ್ಕೂಲ್ ಬ್ಯಾಗಿಗೆ ಜಿಪ್ ಹಾಕಿಸಲು ಟೈಲರ್ ಅಂಗಡಿಯಲ್ಲಿ ನಿಂತಿದ್ದೆ. ನನ್ನ ಮುಂದಿದ್ದ ಹೆಂಗಸು ಹಳೆಯ ಟೆಂಟೊಂದನ್ನು ಮೇಜಿನ ಮೇಲೆ ಹರಡಿದಳು.

“ಇದನ್ನ ಅರ್ಧ ಮಾಡಿಕೊಡಿ.”

“ಚೆನ್ನಾಗೇ ಇದೆಯಲ್ಲಮ್ಮಾ!”

“ಬೆಟ್ಟ ಹತ್ತೋಕೆ ಭಾರ. ಮೊದಲು ಟೆಂಟು ಅಕ್ಕ ಹೊರ್ತಿದ್ಲು, ಸ್ಟೌ, ಪಾತ್ರೆ ನಾನು. ಈಗ ಎಲ್ಲಾ ನನ್ನ ಬೆನ್ನಿಗೇ.”

“ಹಗುರದ್ದು ಹೊಸದು ಸಿಗುತ್ತಂತಲ್ಲ?”

“ಅದರ ರೇಟು ಕೇಳಿದ್ರೆ ಬೆಟ್ಟ ಹತ್ತದೇನೇ ಏದುಸಿರು ಬರುತ್ತೆ.”

ಟೈಲರ್ ನಕ್ಕ. “ಟೆಂಟು ನಿಲ್ಲಿಸೋ ಕಂಬಿ ಏನ್ಮಾಡ್ತೀರಾ?”

“ಅದೂ ಭಾರಾನೇ. ಅದರ ಬದಲು ಊರಿಕೊಂಡು ನಡೆಯೋ ಕೋಲನ್ನೇ ನಿಲ್ಲಿಸ್ತೀನಿ.”

“ನಾಳೆ ನಿಮ್ಮಕ್ಕ ನಾನೂ ಬರ್ತೀನಿ ಅಂದ್ರೆ?”

“ಮದುವೆ ಆದಾಗಿಂದ ಮುಂದಿನ ವರ್ಷ, ಮುಂದಿನ ವರ್ಷ ಅಂತಾನೇ ಇದಾಳೆ.”

“ಕತ್ತರಿ ಹಾಕೋ ಮುಂಚೆ ಒಂದು ಫೋನ್ ಮಾಡಿಬಿಡಿ.”

“ಮಾಡಿದ್ರೆ ಮತ್ತೆ ಅದನ್ನೇ ಹೇಳ್ತಾಳೆ. ನಾನು ಮತ್ತೆ ನಂಬ್ತೀನಿ.”

ಟೈಲರ್ ಸೀಮೆಸುಣ್ಣ ಕೈಗೆತ್ತಿಕೊಂಡ. “ಯಾವ ಕಡೆ ಉಳಿಸಲಿ?”

ಅವಳು ಬಟ್ಟೆಯನ್ನೊಮ್ಮೆ ಸವರಿದಳು.

“ಬಾಗಿಲ ಕಡೆ. ನಂಗೆ ಕತ್ತಲೆ ಅಂದ್ರೆ ಭಯ ಅಂತ ಅಲ್ಲಿ ಅಕ್ಕನೇ ಮಲಗ್ತಿದ್ಲು. ಇನ್ಮೇಲೆ ನಾನೇ ಮಲಗಬೇಕಲ್ಲ.”

ಕತ್ತರಿಸುವುದನ್ನು ನೋಡಲು ಅವಳು ನಿಲ್ಲಲಿಲ್ಲ.