ಕಬ್ಬಿಣದ ಡಿಸ್ಕಿಗೆ ನಾನು ಹಾಕಿದ ಪ್ಯಾಡ್

ನನ್ನನ್ನು ಎಲ್ಲರೂ ಕ್ಲಚ್ಚಣ್ಣ ಎಂದೇ ಕರೆಯುತ್ತಾರೆ. ವಯಸ್ಸು 38 ವರ್ಷ, ಕಸುಬು ಮೋಟಾರ್ ಸೈಕಲ್ ರಿಪೇರಿ ಮತ್ತು ಬಿಡಿಭಾಗಗಳ ಮಾರಾಟ, ವಾಸ ಬಸ್ ನಿಲ್ದಾಣದ ಹಿಂದಿನ ರಸ್ತೆಯಲ್ಲಿ ನನ್ನ ಅಂಗಡಿಯ ಮೇಲಿನ ಮನೆ. ಈ ದಿನ ಗುರುವಾರ ಮಧ್ಯಾಹ್ನ 12-40ಕ್ಕೆ ನಾನಾಗಿಯೇ ಠಾಣೆಗೆ ಹಾಜರಾಗಿ ಈ ಮೂಲಕ ತಿಳಿಸುವುದೇನೆಂದರೆ, ಬೆಳಗ್ಗೆ 9-50ಕ್ಕೆ ಆಸ್ಪತ್ರೆಯಲ್ಲಿ ನಾನು ಕೊಟ್ಟ ಹೇಳಿಕೆ ಸುಳ್ಳು. ರಸ್ತೆಯ ಮೇಲೆ ಜಲ್ಲಿ ಇರಲಿಲ್ಲ. ನನ್ನ ಅಕ್ಕನ ಗಾಡಿ ಜಾರಲಿಲ್ಲ.

ಅಕ್ಕನಿಗೆ 44 ವರ್ಷ. ವಾಸ ನನ್ನ ಜೊತೆಯೇ, ಕೆಳಗಿನ ಊರಿನ ಆಸ್ಪತ್ರೆಯಲ್ಲಿ ರಕ್ತಪರೀಕ್ಷೆ ಮಾಡುವ ಕೆಲಸ. ಮನೆಯಿಂದ ಅಲ್ಲಿಗೆ 14 ಕಿ.ಮೀ., ಅದರಲ್ಲಿ 9 ಕಿ.ಮೀ. ಬರೀ ಇಳಿಜಾರು. ಅವಳು ಓಡಿಸುವುದು ನಮ್ಮ ಅಪ್ಪನ ಹಳೆಯ ಗಾಡಿ. ಈಗಿನ ಗಾಡಿಗಳ ಡಿಸ್ಕ್, ಅಂದರೆ ಚಕ್ರದ ಜೊತೆ ತಿರುಗುವ ಬ್ರೇಕಿನ ತಟ್ಟೆ, ಸ್ಟೀಲಿನದು, ಅದರದ್ದು ಕಬ್ಬಿಣದ್ದು. ತೊಳೆದಿಟ್ಟರೆ ಬೆಳಗಾಗುವಷ್ಟರಲ್ಲಿ ಕೆಂಪಗೆ ತುಕ್ಕು ಹಿಡಿಯುತ್ತದೆ, ಆದರೆ ಬ್ರೇಕ್ ಚೆನ್ನಾಗಿ ಹಿಡಿಯುತ್ತದೆ. ಅಂಥ ಡಿಸ್ಕನ್ನು ಒತ್ತಿ ಹಿಡಿಯಲು ಮೆತ್ತನೆಯ ಪ್ಯಾಡನ್ನೇ ಹಾಕಬೇಕು. ಲೋಹದ ಪುಡಿ ಒತ್ತಿ ಮಾಡಿದ ಗಟ್ಟಿ ಪ್ಯಾಡ್ ಹಾಕಿದರೆ ಅದು ಕಬ್ಬಿಣವನ್ನು ಅರ ಹಾಕಿದಂತೆ ಉಜ್ಜುತ್ತದೆ, ಕಾವನ್ನು ಬ್ರೇಕ್ ಎಣ್ಣೆಗೆ ದಾಟಿಸುತ್ತದೆ. ಎಣ್ಣೆ ಕುದಿದರೆ ಲಿವರ್ ಎಷ್ಟು ಒತ್ತಿದರೂ ಗಾಡಿ ನಿಲ್ಲುವುದಿಲ್ಲ. ಇದು ನನಗೆ ಹದಿನೆಂಟು ವರ್ಷದಿಂದ ಗೊತ್ತಿರುವ ಸಂಗತಿ. ಗೊತ್ತಿರಲಿಲ್ಲ ಎನ್ನಲು ನನಗೆ ಬಾಯಿ ಬರುವುದಿಲ್ಲ.

ಹನ್ನೆರಡು ದಿನಗಳ ಹಿಂದೆ ಅಂಗಡಿಯಲ್ಲಿ ಮೆತ್ತನೆಯ ಪ್ಯಾಡ್ ಮುಗಿದಿತ್ತು. ಬಿಡಿಭಾಗ ತಂದುಕೊಡುವ ಏಜೆಂಟ್ ಆರು ಜೊತೆ ಪ್ಯಾಡ್ ಇದ್ದ ಪೆಟ್ಟಿಗೆ ತಂದು, ಇದು ಎರಡು ತರಹದ ಡಿಸ್ಕಿಗೂ ಆಗುತ್ತದೆ, ಎಲ್ಲರೂ ಇದನ್ನೇ ಹಾಕುತ್ತಿದ್ದಾರೆ ಎಂದು ಹೇಳಿದನು. ಪ್ಯಾಡಿನ ಮೈಮೇಲೆ ಲೋಹ ಮಿರಮಿರ ಹೊಳೆಯುತ್ತಿದ್ದುದನ್ನು ನಾನು ನೋಡಿದೆನು. ನೋಡಿಯೂ ತೆಗೆದುಕೊಂಡೆನು. ಪ್ರತಿ ಡಬ್ಬಿಯ ಹಿಂಬದಿಗೆ ನನ್ನ ಅಂಗಡಿಯ ಚೀಟಿ ಅಂಟಿಸಿದೆನು. ಅಲ್ಲಿ ಏನು ಅಚ್ಚಾಗಿದೆ ಎಂದು ಓದಲಿಲ್ಲ. ಅದೇ ಸಂಜೆ ಒಂದು ಜೊತೆಯನ್ನು ಅಕ್ಕನ ಗಾಡಿಗೆ ಹಾಕಿದೆನು.

ನಾಲ್ಕು ದಿನದ ನಂತರ ಅಕ್ಕ ಅಂಗಡಿಯ ಬಾಗಿಲಲ್ಲಿ ನಿಂತು, “ಮುಂದಿನ ಬ್ರೇಕು ಗರಗರ ಅಂತಿದೆ ಕಣೋ, ಒಂದ್ಸಲ ನೋಡ್ತೀಯಾ?” ಎಂದು ಕೇಳಿದಳು. ಹೊಸ ಪ್ಯಾಡು, ಹೊಂದಿಕೊಳ್ಳಲು ಸ್ವಲ್ಪ ದಿನ ಬೇಕು ಎಂದು ನಾನು ಕೂತಲ್ಲಿಂದಲೇ ಹೇಳಿದೆನು. ಅದಕ್ಕೆ ಅವಳು, “ಊರವರ ಗಾಡಿಗೆಲ್ಲ ಡಾಕ್ಟ್ರು ನೀನು. ನನ್ನ ಗಾಡಿಗೆ ಮಾತ್ರ ಬರೀ ಸಮಾಧಾನ” ಎಂದು ನಕ್ಕು ಮೇಲೆ ಹೋದಳು. ನಾನು ಎದ್ದು ನೋಡಲಿಲ್ಲ.

ಈ ದಿನ ಬೆಳಗ್ಗೆ 7-05ಕ್ಕೆ ಅಕ್ಕ ಕೆಲಸಕ್ಕೆ ಹೊರಟಳು. 7-20ಕ್ಕೆ ನಿವೃತ್ತ ಮೇಷ್ಟ್ರು ಅಂಗಡಿಗೆ ಬಂದರು. ಅವರದ್ದೂ ಕಬ್ಬಿಣದ ಡಿಸ್ಕಿನ ಹಳೆಯ ಗಾಡಿ. ಅವರ ಕೈಗೆ ಅದೇ ಪ್ಯಾಡಿನ ಡಬ್ಬಿ ಕೊಟ್ಟೆನು. ಕೈಗೆ ಸಿಕ್ಕಿದ್ದನ್ನೆಲ್ಲ ಓದುವುದು ಅವರ ಅಭ್ಯಾಸ. ಉಗುರಿನಿಂದ ನನ್ನ ಚೀಟಿಯನ್ನು ಕೆರೆದು ತೆಗೆದು, ಕನ್ನಡಕ ಮೇಲೆತ್ತಿ, ಸ್ಟೀಲ್ ಡಿಸ್ಕಿಗೆ ಮಾತ್ರ, ಕಬ್ಬಿಣದ ಡಿಸ್ಕಿಗೆ ಬಳಸಕೂಡದು ಎಂದು ಗಟ್ಟಿಯಾಗಿ ಓದಿದರು. “ಏನಪ್ಪಾ, ನನ್ನನ್ನ ಇಷ್ಟು ಬೇಗ ಮೇಲಕ್ಕೆ ಕಳಿಸೋ ಯೋಚನೆನಾ?” ಎಂದು ನಕ್ಕರು. ಹನ್ನೆರಡು ದಿನ ಅವಳು ಅದೇ ಬ್ರೇಕ್ ಹಿಡಿದು ಇಳಿದಿದ್ದಳು.

7-24ರಿಂದ 7-26ರೊಳಗೆ ಅಕ್ಕನಿಗೆ ನಾಲ್ಕು ಸಲ ಫೋನ್ ಮಾಡಿದೆನು. ರಿಂಗ್ ಆಯಿತು, ಎತ್ತಲಿಲ್ಲ. ಅಂಗಡಿ ನೋಡಿಕೊಳ್ಳಿ ಎಂದು ಮೇಷ್ಟ್ರಿಗೆ ಹೇಳಿ ನನ್ನ ಗಾಡಿಯಲ್ಲಿ ಹೊರಟೆನು. 7-31ಕ್ಕೆ ಇಳಿಜಾರು ತಲುಪಿದೆನು. ಪ್ರತಿ ತಿರುವಿನಲ್ಲೂ ನಾನು ಮೊದಲು ನೋಡಿದ್ದು ರಸ್ತೆಯನ್ನಲ್ಲ, ಕಣಿವೆ ಬದಿಯ ತಡೆಗೋಡೆಯನ್ನು. ಒಂದು ಕಡೆ ನಾಲ್ಕು ಅಡಿ ಗೋಡೆ ಒಡೆದಿತ್ತು. ಇಳಿದು ಬಗ್ಗಿ ನೋಡಿದೆನು. ಒಡೆದ ಜಾಗದಲ್ಲಿ ಹುಲ್ಲು ಬೆಳೆದಿತ್ತು, ಹಳೆಯದು. ಮತ್ತೆ ಗಾಡಿ ಹತ್ತಿದೆನು. ಐದನೆಯ ತಿರುವಿನಲ್ಲಿ ಸುಟ್ಟ ಬ್ರೇಕಿನ ವಾಸನೆ ಬಂತು.

7-41ಕ್ಕೆ ಏಳನೆಯ ತಿರುವಿನಲ್ಲಿ, ಗುಡ್ಡದ ಬದಿಯ ಚರಂಡಿಯಲ್ಲಿ, ಅಕ್ಕ ಹೆಲ್ಮೆಟ್ ಸಮೇತ ಗುಡ್ಡದ ಮಣ್ಣಿಗೆ ಒರಗಿ ಕೂತಿದ್ದಳು. ಗಾಡಿ ಅವಳಿಂದ 6 ಅಡಿ ದೂರದಲ್ಲಿ ಬಿದ್ದಿತ್ತು. ನನ್ನ ಫೋನ್ ಬಂದಾಗ ಅದು ಚೀಲದಲ್ಲಿ ಹೊಡೆದುಕೊಳ್ಳುವುದು ಕೇಳಿಸುತ್ತಿತ್ತಂತೆ, ಕೈ ಎಟುಕಲಿಲ್ಲವಂತೆ. ಲಿವರ್ ಎರಡು ಸಲ ಹ್ಯಾಂಡಲ್ಲಿಗೇ ಬಂದು ತಾಗಿತು, ಮೂರನೆಯ ಸಲ ಬ್ರೇಕೇ ಇರಲಿಲ್ಲ ಎಂದಳು. “ಹಿಂದಿನ ಬ್ರೇಕ್ ತುಳಿದೆ, ಗೇರ್ ಇಳಿಸಿದೆ, ನಿಲ್ಲಲಿಲ್ಲ. ಆ ಕಡೆ ಬಿದ್ರೆ ಸಿಗಲ್ಲ ಅಂತ ಈ ಕಡೆಗೇ ಹಾಕಿದೆ” ಎಂದಳು. ನಾನು ಡಿಸ್ಕ್ ಮುಟ್ಟಿದೆನು. ಇನ್ನೂ ಬಿಸಿ ಇತ್ತು. ನೀಲಿಗಟ್ಟಿ, ಬೆರಳುದ್ದ ಸೀಳಿತ್ತು. ನಾನು ಏನೂ ಹೇಳುವ ಮೊದಲೇ ಅವಳಿಗೆ ಅರ್ಥವಾಯಿತು. “ಜಲ್ಲಿ ಇತ್ತು, ಜಾರಿದೆ ಅಂತ ಹೇಳ್ತೀನಿ. ನೀನು ಬಾಯಿ ಮುಚ್ಕೊಂಡಿರು” ಎಂದಳು.

8-10ಕ್ಕೆ ಆಂಬುಲೆನ್ಸ್ ಬಂತು. ಬಲಗಡೆಯ ಕಾಲರ್ ಬೋನ್ ಮತ್ತು ಎರಡು ಪಕ್ಕೆಲುಬು ಮುರಿದಿವೆ, ಜೀವಕ್ಕೆ ಅಪಾಯವಿಲ್ಲ ಎಂದು ವೈದ್ಯರು ತಿಳಿಸಿದರು. 9-50ಕ್ಕೆ ತಮ್ಮ ಠಾಣೆಯವರು ಬಂದು ಕೇಳಿದಾಗ ಜಲ್ಲಿಯ ಮಾತನ್ನೇ ಹೇಳಿದೆನು. ಹೆದರಿದ್ದೆನು.

11-15ಕ್ಕೆ ಅಕ್ಕ ಕಣ್ಣು ತೆರೆದು, ಆ ಪೆಟ್ಟಿಗೆಯಲ್ಲಿ ಎಷ್ಟು ಜೊತೆ ಇದ್ದವು ಎಂದು ಕೇಳಿದಳು. ಆರು ಎಂದೆನು. ಮಿಕ್ಕವು ಎಲ್ಲಿ ಎಂದಳು. ನಾನು ಅವಳ ಮುಖವನ್ನೇ ನೋಡಿದೆನು. ಸುಳ್ಳು ಹೇಳು ಎಂದವಳೇ, “ನನ್ನ ಮುಖ ಏನ್ ನೋಡ್ತೀಯೋ, ಎದ್ದೋಗು” ಎಂದು ಗದರಿದಳು.

12-10ಕ್ಕೆ ಅಂಗಡಿಗೆ ಬಂದು ನೋಡಿದೆನು. ಮೇಷ್ಟ್ರಿಗೆ ಕೊಟ್ಟದ್ದೂ ಸೇರಿ ನಾಲ್ಕು ಡಬ್ಬಿ ಇವೆ. ಒಂದು ಅಕ್ಕನದು. ಇನ್ನೊಂದನ್ನು ಸೋಮವಾರ ಮಧ್ಯಾಹ್ನ ಸುಮಾರು 60 ವರ್ಷದ ಒಬ್ಬರ ಗಾಡಿಗೆ ನಾನೇ ಕೈಯಾರೆ ಹಾಕಿದ್ದೇನೆ. ಹೆಸರು, ಫೋನ್ ನಂಬರ್, ಗಾಡಿಯ ನಂಬರ್ ಯಾವುದೂ ಗೊತ್ತಿಲ್ಲ. ಅದೂ ಕಬ್ಬಿಣದ ಡಿಸ್ಕಿನ ಹಳೆಯ ಗಾಡಿ, ಹಸಿರು ಬಣ್ಣದ್ದು, ಹಿಂದೆ ಮಗುವಿನ ಹಳದಿ ಹೆಲ್ಮೆಟ್ ನೇತುಹಾಕಿತ್ತು. ಗುರುವಾರ ಮೂರು ಗಂಟೆಗೆ ಮೊಮ್ಮಗಳನ್ನು ಕಣ್ಣಿನ ಪರೀಕ್ಷೆಗೆ ಕೆಳಗಿನ ಆಸ್ಪತ್ರೆಗೆ ಕರೆದೊಯ್ಯಬೇಕು, ಇಳಿಜಾರಿನಲ್ಲಿ ಈ ಬ್ರೇಕನ್ನು ನಂಬಬಹುದೇ ಎಂದು ಅವರು ಕೇಳಿದರು. “ಕಣ್ಮುಚ್ಕೊಂಡು ಹೋಗಿ ಸಾರ್” ಎಂದು ನಾನು ಹೇಳಿದೆನು.

ಈಗ ಸಮಯ 1-15. ಆ ಗಾಡಿಯನ್ನು ಇಳಿಜಾರಿಗೆ ಇಳಿಯದಂತೆ ತಡೆಯಬೇಕೆಂದು ಕೋರುತ್ತೇನೆ. ನನ್ನ ಮೇಲಿನ ಕ್ರಮ ಆಮೇಲೆ ಆಗಲಿ. ಅವರ ಮುಖ ಗೊತ್ತಿರುವುದು ನನಗೊಬ್ಬನಿಗೇ. ಸಿಬ್ಬಂದಿಯನ್ನು ಜೊತೆಗೆ ಕೊಟ್ಟರೆ ಸಹಿ ಹಾಕಿದ ಕೂಡಲೇ ಹೊರಟು ಇಳಿಜಾರಿನ ಮೊದಲ ತಿರುವಿನಲ್ಲಿ ನಿಲ್ಲುತ್ತೇನೆ. ಕೊಡದಿದ್ದರೂ ನಿಲ್ಲುತ್ತೇನೆ.

ಮೇಲಿನದನ್ನು ನನಗೆ ಓದಿ ಹೇಳಿದ್ದಾರೆ. ನಾನು ಹೇಳಿದ್ದೇ ಬರೆದಿದೆ, ಬರೆದಿರುವುದು ನಿಜ.

ಸ್ಥಳ: ಠಾಣೆ
ದಿನಾಂಕ: 14, ಗುರುವಾರ, ಮಧ್ಯಾಹ್ನ 1-18
ಸಹಿ: (ಕ್ಲಚ್ಚಣ್ಣ)