ನೀಲಿ ಮೀನು ತಂದ ತಾತ

ಚೆನ್ನೈನ ಕೊಳತ್ತೂರಿನ ಸಾಕುಮೀನಿನ ಅಂಗಡಿಯಲ್ಲಿ ನನ್ನ ಮುಂದೆ ವಯಸ್ಸಾದ ಗಂಡಹೆಂಡತಿ ಸಮುದ್ರ ಮೀನುಗಳ ತೊಟ್ಟಿ ನೋಡುತ್ತ ನಿಂತಿದ್ದರು.

"ಈ ಸಲ ಸಾಧು ಮೀನೇ ತಗೊಳ್ಳೋಣ ಕಣೇ. ಆ ಕಿತ್ತಳೆ ಜೋಡಿ ಯಾರ ತಂಟೆಗೂ ಹೋಗಲ್ವಂತೆ."

"ನೀಲಿದು ಜಗಳಗಂಟಿ ಅಂತ ಹೋದ್ಸಲಾನೂ ಅಂಗಡಿಯವರು ಹೇಳಿದ್ರು. ನೀವು ಕೇಳಿದ್ರಾ?"

"ಬಣ್ಣಕ್ಕೆ ಮರುಳಾದೆ. ಮಿಕ್ಕವನ್ನೆಲ್ಲ ಕಚ್ಚಿ ಸಾಯಿಸುತ್ತೆ ಅಂದ್ಕೊಂಡಿರ್ಲಿಲ್ಲ."

"ಪಾಪ, ಮೊಮ್ಮಗಳು ಯಾಳಿನಿ ತನ್ನಿಂದ್ಲೇ ಅವು ಸತ್ತಿದ್ದು ಅಂದ್ಕೊಂಡಿದಾಳೆ."

"ನೀನು ಜಾಸ್ತಿ ಊಟ ಹಾಕಿದ್ದಕ್ಕೇ ಸತ್ವು ಅಂತ ನಾನೇ ಅವಳನ್ನ ಬೈದ್ಬಿಟ್ಟೆ. ಮೊಮ್ಮಗಳ ಮುಂದೆ ತಪ್ಪು ಒಪ್ಕೊಳ್ಳೋಕೆ ನಾಚಿಕೆ ಆಯ್ತು."

"ಅದಕ್ಕೇ ಒಳಗೂ ಬರದೆ ಆಟೋದಲ್ಲೇ ಕೂತಿದಾಳೆ. 'ನಾನು ಆರಿಸಿದ್ರೆ ಇವೂ ಸಾಯ್ತವೆ ಅಜ್ಜಿ' ಅಂದ್ಲು."

ತಾತ ಹೊರಗೆ ನಿಂತಿದ್ದ ಆಟೋ ಕಡೆ ನೋಡಿದರು.

"ತಪ್ಪು ನಂದೇ ಅಂತ ಅವಳಿಗೆ ಹೇಳ್ಬಿಡ್ತೀನಿ. ನೀನೂ ಬಾರೆ."

"ಊಹೂಂ. ನೀವೊಬ್ರೇ ಹೋಗಿ."

ಮೀನು ಕೊಳ್ಳದೆ ತಾತ ಒಬ್ಬರೇ ಮೆಲ್ಲಗೆ ಆಟೋ ಕಡೆ ನಡೆದರು.